ಕೊಟ್ಟಿಗೆಯ ಪದ್ಮಿನಿಯನ್ನು ಮಾರಾಟಕ್ಕೆ ಅಣಿ ಮಾಡಿದ್ದು

ಸಾಗರದ ಹತ್ತಿರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಪ್ರೀಮಿಯರ್ ಪದ್ಮಿನಿ ಹದಿನೇಳು ಮಳೆಗಾಲ ಕಳೆಯಿತು. ಅದರ ಮೇಲೆ ಮೊದಲು ಅಡಿಕೆ ಚೀಲಗಳು ಕೂತವು, ಆಮೇಲೆ ಹಳೆಯ ಹಾಸಿಗೆಗಳು, ಕೊನೆಗೆ ಮರಿ ಹಾಕಿದ ಬೆಕ್ಕು. ಅಪ್ಪ 1982ರಲ್ಲಿ ಕೊಂಡ ಕಾರು ಅದು. ಅವರು ಹೋದ ಮೇಲೆ ಯಾರೂ ಕೀಲಿ ತಿರುಗಿಸಿರಲಿಲ್ಲ. ಮಾರುತ್ತೇನೆ ಎಂದಾಗ ಊರಿನಲ್ಲಿ ಸಿಕ್ಕಿದ್ದು ಎರಡೇ ಸಲಹೆ: ಗುಜರಿಗೆ ಹಾಕು, ಇಲ್ಲವೇ ಬಣ್ಣ ಹೊಡೆಸಿ ಮಾರು. ಎರಡನ್ನೂ ಕೇಳಲಿಲ್ಲ. ಹಳೆಯ ಕಾರನ್ನು ಹುಡುಕಿಕೊಂಡು ಬರುವವನು ಹೊಸ ಬಣ್ಣ ಕಂಡ ಕೂಡಲೇ ಅದರಡಿ ಎಷ್ಟು ಪುಟ್ಟಿ ಮೆತ್ತಿದೆ ಎಂದು ಬೆರಳಿನಲ್ಲಿ ತಟ್ಟಿ ನೋಡುತ್ತಾನೆ. ಕಾರು ಓಡಬೇಕು, ನಿಲ್ಲಬೇಕು, ಕಾಗದ ಸರಿಯಿರಬೇಕು. ತುಕ್ಕು ಇದ್ದಲ್ಲಿ ಇದ್ದ ಹಾಗೇ ಕಾಣಬೇಕು. ನನ್ನ ಲೆಕ್ಕ ಅಷ್ಟೇ ಇತ್ತು.

ಮೊದಲ ದಿನವೇ ಭಾವ ತಮ್ಮ ಜೀಪಿನ ಬ್ಯಾಟರಿ ಹೊತ್ತು ತಂದರು. ಬೇಡವೆಂದೆ. ಅಷ್ಟು ವರ್ಷ ನಿಂತ ಎಂಜಿನ್‌ನಲ್ಲಿ ಆಯಿಲ್ ಎಲ್ಲಾ ತಳಕ್ಕೆ ಇಳಿದಿರುತ್ತದೆ, ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿರಬಹುದು. ಸ್ಟಾರ್ಟರ್ ಅದನ್ನು ಜಗ್ಗಿದರೆ ಮುರಿಯುವುದು ರಿಂಗ್. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಎರಡೆರಡು ಚಮಚ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಬಿಟ್ಟು ಮೂರು ದಿನ ಸುಮ್ಮನಿದ್ದೆ. ಆಮೇಲೆ ಹಿಂದಿನ ಒಂದು ಚಕ್ರವನ್ನು ಜಾಕ್‌ನಲ್ಲಿ ಎತ್ತಿ, ಟಾಪ್ ಗೇರ್ ಹಾಕಿ, ಆ ಚಕ್ರವನ್ನೇ ಎರಡು ಕೈಯಿಂದ ತಿರುಗಿಸಿದೆ. ಅಲುಗಲಿಲ್ಲ. ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ತೂಗುತ್ತಾ ಕಾಲು ಗಂಟೆ ಕಳೆದಿರಬೇಕು, ಬೆರಳಗಲ ಸರಿಯಿತು. ಇನ್ನೊಂದು ಬೆರಳು. ಆಮೇಲೆ ಪ್ಲಗ್ ತೂತುಗಳಿಂದ 'ಫುಸ್' ಎಂದು ಗಾಳಿ ಹೊರಬಂದು ನನ್ನ ಅಂಗಿಯ ಮೇಲೆ ಕರಿಯ ಎಣ್ಣೆ ಚಿಮ್ಮಿತು. ಆ ಅಂಗಿಯನ್ನು ಹೆಂಡತಿ ಇನ್ನೂ ಕ್ಷಮಿಸಿಲ್ಲ.

ಅಲ್ಲಿಯವರೆಗೆ ಇದ್ದ ತಾಳ್ಮೆ ಆ ಸಂಭ್ರಮದಲ್ಲಿ ಹಾರಿಹೋಯಿತು. ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲ್ ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಅದನ್ನು ಬಸಿದು ಐದು ಲೀಟರ್ ಹೊಸದು ಹಾಕಿದರೆ ಸಾಕೆಂದುಕೊಂಡೆ. ಎಂಜಿನ್ ಹೊತ್ತಿಕೊಂಡಿತು, ನಾಲ್ಕು ನಿಮಿಷ ಓಡಿತು, ಸತ್ತಿತು. ಕಾರ್ಬ್ಯುರೇಟರ್ ಬಿಚ್ಚಿದರೆ ತಳದಲ್ಲಿ ಅರಶಿನ ಕುಂಕುಮ ಕಲಸಿದಂಥ ತುಕ್ಕಿನ ಪುಡಿ. ತೊಳೆದು ಹಾಕಿದೆ, ಮರುದಿನ ಮತ್ತೆ ಅದೇ ಕಥೆ. ಎರಡನೆಯ ಸಲ ಬುದ್ಧಿ ಬಂತು. ಟ್ಯಾಂಕನ್ನೇ ಇಳಿಸಿ, ಒಳಗೆ ಒಂದು ಬೊಗಸೆ ಜಲ್ಲಿ, ಸೀಮೆಎಣ್ಣೆ ಹಾಕಿ ಇಬ್ಬರು ತೊಟ್ಟಿಲು ತೂಗಿದ ಹಾಗೆ ತೂಗಿದೆವು. ಹೊರಬಂದದ್ದು ಕಡು ಚಹಾದ ಬಣ್ಣದ ನೀರು. ಇದನ್ನು ಮೊದಲೇ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಎರಡನ್ನೂ ಬದಲಿಸಿದೆ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ, ಅಲ್ಲಿ ಹಳೆಯ ಪಾರ್ಟನ್ನು ಕೈಯಲ್ಲಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯಬೇಕು, ಹೆಸರು ಹೇಳಿದರೆ ಸಾಲದು.

ಸಮಯವೂ ಹಣವೂ ಹೆಚ್ಚು ಹೋದದ್ದು ಬ್ರೇಕಿಗೆ. ಪದ್ಮಿನಿಯ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಲೆನಾಡಿನಲ್ಲಿ ಕೇಳುವುದೇ ಬೇಡ. ಮುಂದಿನ ಎಡಗಡೆಯ ಡ್ರಮ್ಮನ್ನು ಸುತ್ತ ತಟ್ಟಿ ತಟ್ಟಿ ಬಿಚ್ಚಿದಾಗ ಒಳಗೆ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಬೆಸುಗೆ ಹಾಕಿದ ಹಾಗೆ ಕೂತಿತ್ತು. ಹೊಸ ರಬ್ಬರಿನ ಕಿಟ್ ಹಾಕಿ ರಿಪೇರಿ ಮಾಡೋಣವೆಂದು ಮೆಕ್ಯಾನಿಕ್ ಹೇಳಿದರು. ಒಳಗೋಡೆಯ ಗುಂಡಿಗಳ ಮೇಲೆ ಉಗುರು ಎಳೆದು ತೋರಿಸಿದೆ. ಹೊಸ ರಬ್ಬರು ಅಲ್ಲಿ ತಿಂಗಳೂ ಬಾಳುವುದಿಲ್ಲ. ಸಿಲಿಂಡರುಗಳು, ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸ್‌ಗಳು ಎಲ್ಲವೂ ಹೊಸದು. ಟೈರುಗಳ ಗೀರು ಮಾಸಿರಲಿಲ್ಲ, ಆದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದವು, ಅವನ್ನೂ ತೆಗೆದೆ.

ಕ್ಲಚ್ ಪ್ಲೇಟ್ ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿಗೆ ಅಂಟಿದ್ದು ತಿಳಿದದ್ದು ತಡವಾಗಿ: ಪೆಡಲ್ ಒತ್ತಿದರೂ ಗೇರ್ ಬೀಳುತ್ತಿರಲಿಲ್ಲ. ಇದಕ್ಕಾಗಿ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಹಿಂದಿನ ಎರಡೂ ಚಕ್ರ ಸ್ಟ್ಯಾಂಡಿನ ಮೇಲೆ, ಮುಂದಿನ ಚಕ್ರಗಳಿಗೆ ಕಲ್ಲಿನ ಅಡ್ಡ. ಗೇರ್ ಹಾಕಿಯೇ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟು, ಕ್ಲಚ್ ಒತ್ತಿ ಹಿಡಿದು ಬ್ರೇಕನ್ನು ಒಮ್ಮೆಲೇ ತುಳಿದೆ. ಮೂರನೆಯ ಸಲಕ್ಕೆ 'ಟಕ್' ಎಂದು ಬಿಟ್ಟುಕೊಂಡಿತು. ಇಲಿ ಕಡಿದ ವೈರುಗಳನ್ನು ಎಲೆಕ್ಟ್ರೀಷಿಯನ್ ಎರಡು ದಿನದಲ್ಲಿ ಸರಿಮಾಡಿದರು.

ಕಾಗದದ ಕೆಲಸಕ್ಕೆ ಎಂಜಿನ್‌ಗಿಂತ ಹೆಚ್ಚು ದಿನ ಹಿಡಿಯಿತು. ಕಾರು ಇನ್ನೂ ಅಪ್ಪನ ಹೆಸರಿನಲ್ಲಿತ್ತು. ಮರಣ ಪ್ರಮಾಣಪತ್ರದೊಂದಿಗೆ ಫಾರ್ಮ್ 31 ಕೊಟ್ಟು ಮೊದಲು ನನ್ನ ಹೆಸರಿಗೆ. ಆಮೇಲೆ ಅವಧಿ ಮೀರಿದ ನೋಂದಣಿಯ ನವೀಕರಣಕ್ಕೆ ಫಾರ್ಮ್ 25. ಇನ್‌ಸ್ಪೆಕ್ಟರ್ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೇಳಿದರು. ನಂಬರಿನ ಮೇಲಿನ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಉಜ್ಜುಕಾಗದ ಮುಟ್ಟಿಸಿದರೆ ಅಂಕಿ ಸವೆದು ಅನುಮಾನಕ್ಕೆ ದಾರಿಯಾಗುತ್ತದೆ. 'ವಿಂಟೇಜ್ ನೋಂದಣಿ ಮಾಡಿಸಿ' ಎಂದವರೂ ಇದ್ದರು. ಅದಕ್ಕೆ ಕಾರಿಗೆ ಐವತ್ತು ವರ್ಷ ತುಂಬಿರಬೇಕು, ನಮ್ಮದಕ್ಕೆ 2032 ಬರಬೇಕು.

ನೋಡಲು ಬಂದವರು ಶಿವಮೊಗ್ಗದವರು. ಅವರು ಬರುವ ಮುಂಚೆ ಎಂಜಿನ್ ಬಿಸಿ ಮಾಡಿಡಲಿಲ್ಲ. ತಣ್ಣಗಿರುವಾಗ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ಅವರೇ ನೋಡಲಿ ಎಂದು. ಚಾಲಕನ ಕಾಲಡಿಯ ಮ್ಯಾಟ್ ಎತ್ತಿ, ಅಂಗೈಯಗಲದ ತುಕ್ಕಿನ ತೂತನ್ನು ನಾನೇ ತೋರಿಸಿದೆ. ಅವರು ಅದಕ್ಕೆ ಹತ್ತು ಸಾವಿರ ಕಡಿಮೆ ಮಾಡಿದರು, ನಾನು ಚೌಕಾಸಿ ಮಾಡಲಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಬಿಚ್ಚಿದ ಹಳೆಯ ಭಾಗಗಳ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟೆ.

ಆನಂದಪುರ ದಾಟುತ್ತಿದ್ದಾಗ ಫೋನ್ ಬಂತು. ಮುಂಗಾರಿನ ಮೊದಲ ಮಳೆ ಹಿಡಿದಿತ್ತು. "ವೈಪರ್ ಚೆನ್ನಾಗಿ ಓಡುತ್ತಿದೆ, ಗಾಜು ಮಾತ್ರ ಒರೆಸುತ್ತಿಲ್ಲ" ಎಂದರು. ಹದಿನೇಳು ವರ್ಷದ ವೈಪರ್ ರಬ್ಬರು! ತಿಂಗಳುಗಟ್ಟಲೆ ಕಾರಿನ ಸುತ್ತ ತಿರುಗಿದವನಿಗೆ ಅದು ಕಂಡೇ ಇರಲಿಲ್ಲ.