ಹಳೇ ಲೈನ್ ವೈಂಡರ್ ಕೊಳ್ಳುವ ಮುಂಚೆ ಒಂದು ಸಲ ತಿರುಗಿಸಿ ನೋಡಿ

ಗಾಳದ ರೀಲಿಗೆ ಹೊಸ ಲೈನ್, ಅಂದರೆ ಗಾಳದ ದಾರ, ಸುತ್ತುವಾಗ ನಮ್ಮನೆಯಲ್ಲಿ ಇಬ್ಬರು ಬೇಕಿತ್ತು. ಮಗಳು ಅಂಗಡಿಯಿಂದ ತಂದ ಸ್ಪೂಲಿಗೆ ಪೆನ್ಸಿಲ್ ತೂರಿಸಿ ಹಿಡಿದುಕೊಳ್ಳುತ್ತಿದ್ದಳು, ನಾನು ರೀಲಿನ ಹಿಡಿ ತಿರುಗಿಸುತ್ತಿದ್ದೆ. ಅವಳ ಕಣ್ಣು ಟೀವಿ ಕಡೆ ಹೋದರೆ ಕೈ ಸಡಿಲ, ಲೈನೂ ಸಡಿಲ. ಆ ಭಾನುವಾರ ನೀರಿನ ಹತ್ತಿರ ಮೂರನೇ ಎಸೆತಕ್ಕೇ ಗೋಜಲು. ಸಡಿಲ ಸುತ್ತುಗಳ ನಡುವೆ ಬಿಗಿ ಸುತ್ತು ಹೂತುಕೊಂಡರೆ ಲೈನ್ ಹೊರಗೆ ಬರುವುದೇ ಇಲ್ಲ. ಆಮೇಲೆ ನಾನು ಹಳೇ ಲೈನ್ ವೈಂಡರ್ ಹುಡುಕಲು ಶುರು ಮಾಡಿದೆ.

ವೈಂಡರ್ ಅಂದರೆ ದೊಡ್ಡ ಯಂತ್ರವೇನಲ್ಲ. ಮೇಜಿನ ಅಂಚಿಗೆ ಬಿಗಿಯುವ ಕ್ಲಾಂಪು, ಸ್ಪೂಲ್ ಕೂರಿಸುವ ಒಂದು ಸ್ಪಿಂಡಲ್, ಲೈನ್ ಬಿಗಿಯಾಗಿ ಬರುವಂತೆ ತಡೆಯುವ ಸ್ಪ್ರಿಂಗು ಮತ್ತು ಫೆಲ್ಟ್ (ಒತ್ತಿದ ಉಣ್ಣೆಯಂಥ ದಪ್ಪ ಬಟ್ಟೆ) ವಾಷರ್. ಅಂಗಡಿಯವರು ಇಟ್ಟುಕೊಳ್ಳುವ ದೊಡ್ಡದಕ್ಕೆ ಮೋಟರು, ಮೀಟರ್ ಎಣಿಸುವ ಕೌಂಟರ್ ಇರುತ್ತದೆ. ಮನೆಗೆ ಕೈಯಲ್ಲಿ ತಿರುಗಿಸುವುದೇ ಸಾಕು. ಮೋಟರಿನದು ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ತಗೋಬೇಡಿ.

ಎಲ್ಲಿ ಹುಡುಕುವುದು?

ಬೆಂಗಳೂರಿನ ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ಗೆ ಬೆಳಿಗ್ಗೆ ಬೇಗ ಹೋಗಿ. ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದರಾಯಿತು. ಮಿಕ್ಸಿ ಜಾರು, ಫ್ಯಾನ್ ಮೋಟರುಗಳ ರಾಶಿಯಲ್ಲಿ ವೈಂಡರ್ ಬಿದ್ದಿದ್ದರೆ ಮಾರುವವರಿಗೂ ಅದೇನೆಂದು ಗೊತ್ತಿರುವುದಿಲ್ಲ. ಪ್ರತಿ ವಾರ ಸಿಗುತ್ತದೆ ಅನ್ನಲಾರೆ, ನಾಲ್ಕೈದು ಸಲ ಹೋಗಬೇಕಾದೀತು. ಜೇಬಿನಲ್ಲಿ ಟಾರ್ಚು, ಪೆನ್ಸಿಲು, ಚೂರು ಹತ್ತಿ, ಒಂದು ಮಾರು ಲೈನ್ ಇರಲಿ.

ಕೈಗೆ ಸಿಕ್ಕ ಕೂಡಲೇ ಸ್ಪಿಂಡಲ್ ತಿರುಗಿಸಿ. ಕರಕರ ಅಂದರೆ ಬೇರಿಂಗ್ ಹೋಗಿದೆ, ಅದಕ್ಕೆ ಹೆದರಬೇಕಿಲ್ಲ. ಪೆನ್ಸಿಲ್ ತುದಿಯನ್ನು ಸ್ಪಿಂಡಲ್‌ಗೆ ಕೂದಲೆಳೆಯಷ್ಟು ದೂರದಲ್ಲಿ ಅಲುಗದಂತೆ ಹಿಡಿದು ಇನ್ನೊಮ್ಮೆ ತಿರುಗಿಸಿ. ನಡುವಿನ ಸಂದು ಒಂದು ಸಲ ದೊಡ್ಡದು, ಒಂದು ಸಲ ಚಿಕ್ಕದು ಆಗುತ್ತಿದ್ದರೆ ಸ್ಪಿಂಡಲ್ ಬಾಗಿದೆ. ಲೇತ್ ಅಂಗಡಿಯಲ್ಲಿ ಹೊಸದು ಮಾಡಿಸಬಹುದು, ಆದರೆ ಆ ಖರ್ಚು ಲೆಕ್ಕ ಹಾಕಿ ಚೌಕಾಸಿ ಮಾಡಿ. ಲೈನ್ ಹಾದುಹೋಗುವ ಕಣ್ಣಿನೊಳಗೆ ಹತ್ತಿ ಎಳೆಯಿರಿ. ಹತ್ತಿಯ ಎಳೆ ಸಿಕ್ಕಿಕೊಂಡಿತೋ, ಅಲ್ಲಿ ಲೈನ್ ಉಜ್ಜಿ ಉಜ್ಜಿ ಗೀರು ಬಿದ್ದಿದೆ. ಕಣ್ಣಿಗೆ ಕಾಣದ ಆ ಗೀರು ಹೊಸ ಲೈನನ್ನು ಉದ್ದಕ್ಕೂ ಕೆರೆಯುತ್ತದೆ.

ಮೋಟರಿನದಾದರೆ ಭಾರ ಕೊಟ್ಟು ನೋಡಲೇಬೇಕು. ನಾನು ಇದನ್ನು ಮಾಡದೆ ಕೆಟ್ಟೆ. ಮಾರುವವರು ಪ್ಲಗ್ ಹಾಕಿ ತೋರಿಸಿದರು, ಜುಮ್ಮೆಂದು ತಿರುಗಿತು, 1,200 ರೂಪಾಯಿ ಕೊಟ್ಟು ತಂದೆ. ಮನೆಯಲ್ಲಿ ಲೈನ್ ಬಿಗಿಯಾದ ಕೂಡಲೇ ಟಕ್ ಟಕ್ ಅಂತ ಜಾರತೊಡಗಿತು. ಬಿಚ್ಚಿದರೆ ಪ್ಲಾಸ್ಟಿಕ್ ಗೇರಿನ ಎರಡು ಹಲ್ಲು ಮುರಿದಿದ್ದವು. ಹಳೇ ಬಟ್ಟೆಯಲ್ಲಿ ಸ್ಪಿಂಡಲನ್ನು ಮೆಲ್ಲಗೆ ಹಿಡಿದು ತಡೆದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಬೇರಿಂಗ್, ಸ್ಪ್ರಿಂಗ್, ಫೆಲ್ಟ್ ಕೆಟ್ಟಿದ್ದರೆ ತಗೊಳ್ಳಿ. ಗೇರು ಕೆಟ್ಟಿದ್ದರೆ ಬಿಟ್ಟುಬಿಡಿ. ಆ ಅಳತೆಯ ಗೇರು ಹುಡುಕುತ್ತಾ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಬಿಚ್ಚಿ ಸರಿಮಾಡುವುದು

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ವಾಷರ್‌ಗಳನ್ನು ಬಂದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿಡಿ.

ಮೊದಲು ಸ್ಪಿಂಡಲ್ ಹಿಂದೆ ನೋಡಿ. ಕೈಯಲ್ಲಿ ತಿರುಗಿಸುವ ನನ್ನ ವೈಂಡರಿನಲ್ಲಿ ಬೇರಿಂಗ್ ಹಿಂದೆ ಯಾವುದೋ ಕಾಲದ ನೈಲಾನ್ ಲೈನ್ ಹನ್ನೆರಡು ಸುತ್ತು ಸುತ್ತಿಕೊಂಡಿತ್ತು. ಗ್ರೀಸು, ಧೂಳು ಸೇರಿ ಅದು ಕಪ್ಪು ಉಂಗುರದಂತೆ ಕಾಣುತ್ತಿತ್ತು, ಯಂತ್ರದ ಭಾಗವೇ ಅಂದುಕೊಂಡಿದ್ದೆ. ಉಗುರಿನಿಂದ ಕೆರೆದಾಗ ಒಂದು ಎಳೆ ಎದ್ದು ಬಂತು. ಬ್ಲೇಡಿನ ತುದಿಯಲ್ಲಿ ಕತ್ತರಿಸಿ ಇಕ್ಕಳದಲ್ಲಿ ಎಳೆದು ತೆಗೆದೆ. ಬೇರಿಂಗಿನ ರಬ್ಬರ್ ಮುಚ್ಚಳವನ್ನು ಆ ಲೈನೇ ಕೊರೆದು, ಒಳಗೆ ಕೊಳೆ ಇಳಿಯುವಂತೆ ಮಾಡಿತ್ತು.

ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ. ನನ್ನದರಲ್ಲಿ 608 ಇತ್ತು. ಅಂದರೆ ಒಳಗಿನ ತೂತು 8 ಮಿ.ಮೀ, ಹೊರಗೆ 22, ದಪ್ಪ 7. ಸ್ಕೇಟಿಂಗ್ ಚಕ್ರಕ್ಕೆ ಹಾಕುವುದೂ ಇದೇ, ಹಾಗಾಗಿ ಸುಲಭವಾಗಿ ಸಿಗುತ್ತದೆ. ನಂಬರ್ ಅಳಿಸಿದ್ದರೆ ಹಳೆಯದನ್ನೇ ಎಸ್‌ಜೆಪಿ ರಸ್ತೆಗೋ ಜೆಸಿ ರಸ್ತೆಗೋ ಒಯ್ದು ತೋರಿಸಿ, ಅಳತೆ ನೋಡಿ ಕೊಡುತ್ತಾರೆ. ಗೂಡಿನೊಳಗೆ ಕೂರಿಸುವಾಗ ಹೊರಗಿನ ಉಂಗುರದ ಮೇಲೆ ಮಾತ್ರ ಒತ್ತಬೇಕು. ಅದೇ ಅಳತೆಯ ಪೈಪ್ ತುಂಡಿಟ್ಟು ಮೆಲ್ಲಗೆ ತಟ್ಟಿ. ಒಳಗಿನ ಉಂಗುರಕ್ಕೆ ಸುತ್ತಿಗೆ ಪೆಟ್ಟು ಬಿದ್ದರೆ ಗುಂಡುಗಳ ದಾರಿಯಲ್ಲಿ ತಗ್ಗು ಬಿದ್ದು ಹೊಸ ಬೇರಿಂಗೂ ಕರಕರ ಅನ್ನುತ್ತದೆ.

ಉಳಿದ ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಹಳೇ ಬ್ರಶ್ಶಿನಿಂದ ತೊಳೆದು ಒಣಗಿಸಿ. ಪೆಟ್ರೋಲ್ ಮಾತ್ರ ಬೇಡ, ಬೆಂಕಿ ಹತ್ತಿದರೆ ಮುಗಿಯಿತು. ಗೇರಿಗೆ ತೆಳ್ಳಗೆ ಗ್ರೀಸು ಹಚ್ಚಿ. ಫೆಲ್ಟ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಬದಲಿಸಿ. ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ದುಂಡಗೆ ಕತ್ತರಿಸಿದರೆ ಸಾಕು. ಅದಕ್ಕೆ ಎಣ್ಣೆ ತಾಗಬಾರದು. ತಾಗಿದರೆ ಹಿಡಿತ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ.

ಮೋಟರಿನಿಂದ ಜಾಸ್ತಿ ಕಿಡಿ ಹಾರುತ್ತಿದ್ದರೆ ಕಾರ್ಬನ್ ಬ್ರಶ್ ಸವೆದಿರಬಹುದು. ಪ್ಲಗ್ ತೆಗೆದು, ಬ್ರಶ್ ಬಿಚ್ಚಿ, ಹತ್ತಿರದ ಮೋಟರ್ ವೈಂಡಿಂಗ್ ಅಂಗಡಿಗೆ ಒಯ್ಯಿರಿ. ಮುಟ್ಟಿದರೆ ಜುಮ್ಮೆನ್ನುವ ಮೋಟರನ್ನು ನೀವೇ ಬಿಚ್ಚಬೇಡಿ.

ಕೌಂಟರ್ ಇದ್ದರೆ ಅದನ್ನೂ ಪರೀಕ್ಷಿಸಿ. ಮಹಡಿಯ ಮೇಲೆ ಟೇಪು ಹಿಡಿದು 10 ಮೀಟರ್ ಲೈನ್ ಅಳೆದು ಸುತ್ತಿ. ಕೌಂಟರ್ ಹತ್ತಕ್ಕಿಂತ ಜಾಸ್ತಿ ತೋರಿಸಿದರೆ ಲೈನಿನ ಜೊತೆ ತಿರುಗಿ ಅಳೆಯುವ ರೋಲರ್ ಸವೆದಿದೆ, ಕಡಿಮೆ ತೋರಿಸಿದರೆ ಲೈನ್ ರೋಲರ್ ಮೇಲೆ ಜಾರುತ್ತಿದೆ.

ಈಗ ಲೈನ್ ಸುತ್ತಿ

ರೀಲಿನ ಸ್ಪೂಲ್ ಮೇಲೆ 0.30 ಮಿ.ಮೀ / 150 ಮೀ ಅಂತ ಬರೆದಿರುತ್ತದೆ ಅಲ್ವಾ? ಅದೇ ಜಾಗಕ್ಕೆ 0.25ರ ಲೈನ್ ಸುಮಾರು 216 ಮೀಟರ್ ಹಿಡಿಯುತ್ತದೆ. ದಪ್ಪವನ್ನು ದಪ್ಪದಿಂದಲೇ ಗುಣಿಸಿ ಹೋಲಿಸಿದರೆ ಈ ಲೆಕ್ಕ ಬರುತ್ತದೆ.

ಮೊದಲು ಹತ್ತು ಹದಿನೈದು ಸುತ್ತು ಸುತ್ತಿ ನಿಲ್ಲಿಸಿ. ಲೈನ್ ಸ್ವಲ್ಪ ಸಡಿಲ ಬಿಡಿ. ಹಾವಿನಂತೆ ಸುರುಳಿ ಸುತ್ತಿಕೊಂಡರೆ ಅಂಗಡಿಯ ಸ್ಪೂಲನ್ನು ಮಗ್ಗುಲು ಬದಲಿಸಿ ಹಾಕಿ. ಹೆಣೆದ ಲೈನ್ ಆದರೆ ತಳದಲ್ಲಿ ಕೆಲವು ಸುತ್ತು ನೈಲಾನ್ ಇರಲಿ, ಇಲ್ಲದಿದ್ದರೆ ಇಡೀ ಸುತ್ತೇ ಸ್ಪೂಲ್ ಮೇಲೆ ಜಾರುತ್ತದೆ. ನೈಲಾನನ್ನು ಒದ್ದೆ ಬಟ್ಟೆಯ ನಡುವೆ ಹಾಯಿಸಿ, ಬಿಸಿಯಾಗುವುದಿಲ್ಲ. ಬಿಗಿ ಇರಲಿ, ಅತಿಯಾಗದಿರಲಿ. ನೈಲಾನ್ ಎಳೆದರೆ ಹಿಗ್ಗುತ್ತದೆ, ಸುತ್ತಿದ ಮೇಲೆ ಕುಗ್ಗಲು ನೋಡುತ್ತದೆ. ನನ್ನ ಒಂದು ಪ್ಲಾಸ್ಟಿಕ್ ಸ್ಪೂಲ್ ಹೀಗೇ ಒಂದು ರಾತ್ರಿಯಲ್ಲಿ ಬಿರುಕು ಬಿಟ್ಟಿತು. ಸ್ಪೂಲಿನ ಅಂಚಿಗೆ 2 ಮಿ.ಮೀ ಉಳಿದಾಗ ನಿಲ್ಲಿಸಿ.

ಬಿಚ್ಚಿ ತೆಗೆದ ಹಳೇ ಲೈನನ್ನು ಕೆರೆ ದಡದಲ್ಲಿ ದಯವಿಟ್ಟು ಬಿಡಬೇಡಿ. ಕಾಲಿಗೆ ನೈಲಾನ್ ಸುತ್ತಿಕೊಂಡ ನೀರುಕಾಗೆಯನ್ನು ನೋಡಿದ ಮೇಲೆ ನಾನು ಒಂದು ಚೂರನ್ನೂ ಅಲ್ಲಿ ಬಿಟ್ಟು ಬಂದಿಲ್ಲ. ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಬಾಟಲಿಗೆ ತುಂಬಿ ಒಣಕಸಕ್ಕೆ ಹಾಕಿ.

ಕೆಲಸ ಮುಗಿದ ಮೇಲೆ ವೈಂಡರಿನಲ್ಲಿ ಸ್ಪ್ರಿಂಗನ್ನು ಒತ್ತುವ ಬಿಗಿ ತಿರುಪನ್ನು ಪೂರ್ತಿ ಸಡಿಲಿಸಿ ಎತ್ತಿಡಿ. ಬಿಗಿಯಾಗೇ ಇಟ್ಟರೆ ಫೆಲ್ಟ್ ಚಪ್ಪಟೆಯಾಗಿ, ಮುಂದಿನ ಸಲ ಮತ್ತೆ ಬದಲಿಸಬೇಕಾಗುತ್ತದೆ.