ಹಳೇ ಓಮ್ನಿಯಲ್ಲಿ ಒಂದು ಹಾಸಿಗೆ

ಪ್ರವಾಸದಲ್ಲಿ ರಾತ್ರಿ ಒಳಗೇ ಮಲಗೋ ಹಾಗೆ ಮಾಡಿಕೊಳ್ಳೋಣ ಅಂತ 2008ರ ಮಾಡೆಲ್ ಮಾರುತಿ ಓಮ್ನಿ ವ್ಯಾನ್ ಕೊಳ್ಳುವಾಗ ನಾನು ನೆಲದ ಮ್ಯಾಟ್ ಎತ್ತಿ ನೋಡಲಿಲ್ಲ. ಮನೆಗೆ ತಂದು ಎತ್ತಿದರೆ ಡ್ರೈವರ್ ಸೀಟಿನ ಹಿಂದೆ ಅಂಗೈ ಅಗಲದ ತೂತು! ಕೆಳಗೆ ಅಂಗಳದ ಸಿಮೆಂಟು, ಅದರ ಮೇಲೆ ಹೋಗುತ್ತಿದ್ದ ಇರುವೆ ಸಾಲು, ಎಲ್ಲ ಕಾಣಿಸಿತು. ಹಾಗಾಗಿ ಹಾಸಿಗೆಯ ಕನಸು ಪಕ್ಕಕ್ಕಿಟ್ಟು ಮೊದಲ ಎರಡು ವಾರ ತುಕ್ಕು ಕೆರೆಯುವುದೇ ಆಯ್ತು. ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಪ್ಯಾಚ್ ಹಾಕಿಸಿದೆ. ಮೇಲೂ ಕೆಳಗೂ ರೆಡ್ ಆಕ್ಸೈಡ್ ಬಳಿದೆ. ನೀವು ಹಳೇ ವ್ಯಾನ್ ನೋಡೋಕೆ ಹೋದರೆ ಇಂಜಿನ್ ಸದ್ದು ಆಮೇಲೆ ಕೇಳಿ, ಮೊದಲು ಮ್ಯಾಟ್ ಎತ್ತಿ.

ಓಮ್ನಿಯೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಓಮ್ನಿ ಆಂಬ್ಯುಲೆನ್ಸ್ ನೋಡಿದ್ದೀರಲ್ವಾ? ಸ್ಟ್ರೆಚರ್ ಹಿಡಿಸುವ ಗಾಡಿಯಲ್ಲಿ ಮನುಷ್ಯ ಕಾಲು ಚಾಚಿ ಮಲಗಬಹುದು ಅನ್ನೋದೇ ನನ್ನ ಲೆಕ್ಕ. ಎರಡೂ ಕಡೆ ಜಾರುವ ಬಾಗಿಲು. ಹಿಂದಿನ ಬಾಗಿಲು ಮೇಲಕ್ಕೆ ಎತ್ತಿದರೆ ಅಡುಗೆಗೆ ನೆರಳು. 1984ರಲ್ಲಿ ಬಂದ ಗಾಡಿ 2019ರವರೆಗೆ ತಯಾರಾಯಿತು, ಹಾಗಾಗಿ ಗುಜರಿ ಅಂಗಡಿಗಳಲ್ಲಿ ಬಿಡಿಭಾಗಕ್ಕೆ ಕೊರತೆಯಿಲ್ಲ.

ಆದರೆ ನಿಜವಾದ ಕಾರಣ ಒಂದು ಮೆಟಡೋರ್. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಮೂರು ಮನೆಯವರು ಸೇರಿ ಬಾಡಿಗೆ ಮೆಟಡೋರ್‌ನಲ್ಲಿ ಮೈಸೂರಿನಿಂದ ಕುಕ್ಕೆ, ಧರ್ಮಸ್ಥಳ, ಕೊಲ್ಲೂರಿಗೆ ಹೋಗಿದ್ದೆವು. ಪುಣೆಯ ಬಜಾಜ್ ಟೆಂಪೋ ಕಂಪನಿಯ ಗಾಡಿ ಅದು. ಕಂಪನಿಗೆ ಈಗ ಫೋರ್ಸ್ ಮೋಟಾರ್ಸ್ ಅಂತ ಹೆಸರು, ಆದರೂ ನಮ್ಮೂರಲ್ಲಿ ಸಾಮಾನು ಹೊರುವ ಸಣ್ಣ ಗಾಡಿಗೆಲ್ಲ ಇವತ್ತಿಗೂ ‘ಟೆಂಪೋ’ ಅಂತಲೇ ಅನ್ನೋದು. ಒಳಗೆ ಹದಿನಾಲ್ಕು ಜನ. ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಸುತ್ತಿದ ಜಮಖಾನ, ಪಂಪ್ ಸ್ಟೌ, ಸೀಮೆಎಣ್ಣೆ ಡಬ್ಬ, ಅಕ್ಕಿ, ಬೇಳೆ. ಹೊಳೆ ಕಂಡಲ್ಲಿ ನಿಲ್ಲಿಸಿ ಅನ್ನ ಮಾಡುತ್ತಿದ್ದರು. ರಾತ್ರಿ ಹೆಂಗಸರು, ಮಕ್ಕಳು ಗಾಡಿಯೊಳಗೆ, ಗಂಡಸರು ಛತ್ರದ ಜಗಲಿಯಲ್ಲಿ. ಕ್ಯಾಂಪಿಂಗ್ ಅನ್ನೋ ಮಾತು ಯಾರ ಬಾಯಲ್ಲೂ ಇರಲಿಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಬಿಸಿಯಾದ ಇಂಜಿನ್ ಮುಚ್ಚಳದ ಮೇಲೆ ಅಪ್ಪ ಟವೆಲ್ ಮಡಚಿ ಹಾಕಿ ನನ್ನನ್ನು ಕೂರಿಸಿದ್ದು ಚೆನ್ನಾಗಿ ನೆನಪಿದೆ.

ಇಷ್ಟೆಲ್ಲ ನೆನಪಿದ್ದೂ ನಾನು ಮಾಡಿದ್ದೇನು? ಮೊಬೈಲಿನಲ್ಲಿ ಚಂದದ ವಿಡಿಯೋಗಳನ್ನು ನೋಡಿ, ಬೀರು, ಡ್ರಾಯರ್, ಸಿಂಕು ಎಲ್ಲ ಬೇಕು ಅಂತ ಹೊರಟೆ. 18 ಎಂಎಂ ಪ್ಲೈವುಡ್ ಮೂರು ಹಾಳೆ ತಂದೆ. ನಮ್ಮ ಆಚಾರ್ರು ಒಮ್ಮೆ ಹಾಳೆ ನೋಡಿದರು, ಒಮ್ಮೆ ಗಾಡಿ ನೋಡಿದರು. ‘ಸ್ವಾಮಿ, ಗಾಡಿ ಮಾಡ್ತಿದೀರೋ ಮನೆ ಕಟ್ತಿದೀರೋ?’ ಅಂದರು. ನಾನು ಕೇಳಲಿಲ್ಲ. 8 ಅಡಿಗೆ 4 ಅಡಿಯ ಅಂಥ ಒಂದು ಹಾಳೆ ಸುಮಾರು 35 ಕೆಜಿ. ಮೂರಕ್ಕೆ ನೂರು ದಾಟಿತು. ಓಮ್ನಿಯ ತೂಕವೇ ಸುಮಾರು 800 ಕೆಜಿ, ಇಂಜಿನ್ ಬರೀ 796 ಸಿಸಿ. ಮೊದಲ ಪ್ರವಾಸದಲ್ಲಿ ನಾನೂ ನನ್ನ ಹೆಂಡತಿಯೂ ಚಾರ್ಮಾಡಿಯನ್ನು ಹೆಚ್ಚುಕಡಿಮೆ ಫಸ್ಟ್ ಗೇರಿನಲ್ಲೇ ಹತ್ತಿದೆವು. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ‘ದೋಸೆ ಹೆಂಚಿನ ಮೇಲೆ ಕೂತ ಹಾಗಿದೆ’ ಅಂತ ಅವಳು ಇಳಿದು ನಿಂತಳು. ಆಗ ಅಪ್ಪನ ಟವೆಲ್ ನೆನಪಾಯಿತು.

ವಾಪಸ್ ಬಂದು ಎಲ್ಲ ಬಿಚ್ಚಿದೆ. ಎರಡನೇ ಸಲ 12 ಎಂಎಂ ನೀರು ತಡೆಯುವ ಪ್ಲೈ, ಒಂದೇ ಹಾಳೆ, ಕಾಲಿಗೆ ಒಂದಿಂಚಿನ ಅಲ್ಯೂಮಿನಿಯಂ ಚೌಕ ಪೈಪು. ಹಿಂದಿನ ಸೀಟು ತೆಗೆಯಲಿಲ್ಲ, ಮಡಚಿದೆ ಅಷ್ಟೆ. ಅದರ ಮೇಲೆ ಮೂರು ತುಂಡಿನ ಹಲಗೆ ನಿಲ್ಲುತ್ತದೆ. ಇದಕ್ಕೆ ಕಾರಣವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಬದಲಾಯಿಸುವಂತಿಲ್ಲ. ಸೀಟು ಕಿತ್ತು ಹಾಸಿಗೆ ಕೂರಿಸಿದರೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನೋ ಸರ್ಟಿಫಿಕೇಟ್, ಮಾಡಿಸುವಾಗ ಕಷ್ಟ. 15 ವರ್ಷ ದಾಟಿದ ಗಾಡಿಗಂತೂ ಪ್ರತಿ 5 ವರ್ಷಕ್ಕೆ ಆ ಪರೀಕ್ಷೆ ತಪ್ಪಿದ್ದಲ್ಲ. ನನ್ನ ಹಲಗೆ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತದೆ, ಗಾಡಿಗೆ ಒಂದೇ ಒಂದು ಹೊಸ ತೂತಿಲ್ಲ. ಮುಂದಿನ ಸೀಟು ಮುಂದಕ್ಕೆ ತಳ್ಳಿದರೆ 5 ಅಡಿ 10 ಇಂಚು ಉದ್ದ ಸಿಗುತ್ತದೆ. ಎದ್ದು ಕೂತರೆ ತಲೆ ತಗಡಿಗೆ ಬಡಿಯುತ್ತದೆ. ಮಲಗೋದಕ್ಕಷ್ಟೇ ಅದು.

ಕರೆಂಟಿನ ವಿಷಯದಲ್ಲಿ ಸುಮ್ನೆ ಹೆದರಬೇಡಿ, ಆದರೆ ಸಸಾರವೂ ಮಾಡಬೇಡಿ. ಸಣ್ಣ 12 ವೋಲ್ಟ್ ಫ್ಯಾನಿಗೆ 1 ಆಂಪಿಯರ್, ಎಲ್‌ಇಡಿ ದೀಪಕ್ಕೆ ಅರ್ಧ. ಎಂಟು ಗಂಟೆಗೆ 12 ಆಂಪಿಯರ್-ಅವರ್ ಆಯ್ತು. ಸಾಮಾನ್ಯ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಹಿಂಡಿದರೆ ಬೇಗ ಸಾಯುತ್ತದೆ. ಹಾಗಾಗಿ 40 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ನನಗೆ ಸಿಗೋದು 20 ಮಾತ್ರ. ದೀಪ ಬೇಗ ಆರಿಸಿ, ಮಧ್ಯರಾತ್ರಿ ಫ್ಯಾನ್ ನಿಲ್ಲಿಸಿದರೆ ಎರಡು ರಾತ್ರಿ ನಡೆಯುತ್ತದೆ. ಮೂರನೇ ರಾತ್ರಿ ಹೇಗೂ ಲಾಡ್ಜು, ಬಿಸಿನೀರಿನ ಸ್ನಾನ ಬೇಕಲ್ಲ! ನಾನು ಎಡವಿದ್ದು ಫ್ಯೂಸಿನಲ್ಲಿ. ಕೈಗೆ ಸಿಗಲಿ ಅಂತ ಸ್ವಿಚ್ಚಿನ ಪಕ್ಕ ಹಾಕಿದ್ದೆ. ಬ್ಯಾಟರಿಯಿಂದ ಅಲ್ಲಿಗೆ ಬರುವ ವೈರು ಸೀಟಿನ ಕಂಬಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದು ಹೊಗೆ ಬಂತು. ವೈರು ಸುಟ್ಟರೂ ಫ್ಯೂಸ್ ಹೋಗಲಿಲ್ಲ, ಹೋಗೋದೂ ಇಲ್ಲ, ಶಾರ್ಟ್ ಆಗಿದ್ದು ಕರೆಂಟು ಫ್ಯೂಸಿಗೆ ತಲುಪೋ ಮೊದಲೇ ಅಲ್ವಾ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು.

ಅಡುಗೆ ಯಾವತ್ತೂ ಹೊರಗೇ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲೇ, ಅಂದರೆ ಹಾಸಿಗೆಯ ಕೆಳಗೇ ನಿಲ್ಲುತ್ತದೆ. ಮಳೆ ಬಂದರೆ ಅವಲಕ್ಕಿ, ಮೊಸರು ತಿಂದು ಮಲಗುತ್ತೇವೆ.

ಮಲಗುವ ವಿದ್ಯೆ ಕಲಿಸಿದ್ದು ಗುಂಡ್ಲುಪೇಟೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ನಾವು ತಲುಪಿದಾಗ ಒಂಬತ್ತೂ ಕಾಲು. ರಸ್ತೆ ಬದಿಯಲ್ಲಿ ಲಾರಿಗಳ ಸಾಲು. ಪಕ್ಕದ ಲಾರಿಯ ಡ್ರೈವರಣ್ಣ ಸ್ಟೌ ಹಚ್ಚಿ ಸಾರು ಕುದಿಸುತ್ತಿದ್ದ. ನಮ್ಮ ಗಾಡಿಯೊಳಗೆ ಇಣುಕಿ, ‘ಸಾರ್, ತಲೆ ಇಳಿಜಾರಿಗೆ ಹಾಕಿದೀರಲ್ಲ, ಬೆಳಿಗ್ಗೆ ತಲೆ ಸಿಡಿಯುತ್ತೆ. ತಿರುಗಿಸಿ ನಿಲ್ಸಿ. ಗಾಜು ಎರಡೂ ಕಡೆ ಎರಡೆರಡು ಬೆರಳು ಬಿಡಿ’ ಅಂದ. ಅಲ್ಲಿಯವರೆಗೆ ಗಾಜು ಪೂರ್ತಿ ಮುಚ್ಚುತ್ತಿದ್ದ ನಮಗೆ ಬೆಳಿಗ್ಗೆ ಉಸಿರಿನ ನೀರು ತಗಡಿನಿಂದ ಮುಖಕ್ಕೆ ತೊಟ್ಟಿಕ್ಕುತ್ತಿತ್ತು. ಆ ರಾತ್ರಿ ತೊಟ್ಟಿಕ್ಕಲಿಲ್ಲ. ಸೊಳ್ಳೆ ಬಂದವು. ಈಗ ಆ ಸಂದಿಗೆ ಅಯಸ್ಕಾಂತ ಹೊಲಿದ ಪರದೆ ಇದೆ.

ಹೋದ ವರ್ಷ ಅಪ್ಪನನ್ನು ಕೂರಿಸಿಕೊಂಡು ಅದೇ ಧರ್ಮಸ್ಥಳಕ್ಕೆ ಹೋಗಿದ್ದೆ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಘಾಟಿ ಇಳಿದೆವು. ಬರುವಾಗ ಹತ್ತೋದಿತ್ತು. ಅರ್ಧ ದಾರಿಯಲ್ಲಿ ಅಪ್ಪ ಏನೂ ಹೇಳದೆ ಹೆಗಲ ಟವೆಲ್ ತೆಗೆದು ಮಡಚಿ ಕೆಳಗೆ ಹಾಕಿಕೊಂಡರು. ಗಾಡಿ ಸೆಕೆಂಡ್ ಗೇರಿನಲ್ಲಿ ಹತ್ತುತ್ತಿತ್ತು.