ಜಿಡಿಎಲ್ ಕಲಿಯೋಕೆ ಒಂದು ಕಪಾಟು ಸಾಕು

ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಆರ್ಕಿಕ್ಯಾಡ್‌ನಲ್ಲಿ ನಾವು ಲೈಬ್ರರಿಯಿಂದ ತಂದು ಇಡುವ ಬಾಗಿಲು, ಕುರ್ಚಿ, ಕಪಾಟುಗಳ ಒಳಗೆ ಇರೋದು ಜಿಡಿಎಲ್ (ಜಿಯೊಮೆಟ್ರಿಕ್ ಡಿಸ್ಕ್ರಿಪ್ಶನ್ ಲ್ಯಾಂಗ್ವೇಜ್) ಸ್ಕ್ರಿಪ್ಟ್, ಅಂದರೆ ಆಕಾರವನ್ನು ವಿವರಿಸುವ ಕೋಡ್. ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಥರದ ಸರಳ ಭಾಷೆ. ಆದರೆ ಹೊಸಬರು ಮೊದಲೇ ರೆಡಿಮೇಡ್ ಬಾಗಿಲೊಂದನ್ನು ತೆರೆದು, ಅದರ ಉದ್ದುದ್ದ ಕೋಡ್ ನೋಡಿ ಗಾಬರಿಯಾಗಿ ಮುಚ್ಚಿಬಿಡುತ್ತಾರೆ. ಅದು ಬೇಡ. ಪುಸ್ತಕದ ಕಪಾಟು ಒಂದನ್ನು ನೀವೇ ಬರೆಯಿರಿ.

ಫೈಲ್ ಮೆನುವಿನ ಲೈಬ್ರರಿ ಭಾಗದಲ್ಲಿ ಹೊಸ ಆಬ್ಜೆಕ್ಟ್ ತೆರೆಯಿರಿ. ಎ, ಬಿ, ಝಡ್‌ಝಡ್‌ವೈಝಡ್‌ಎಕ್ಸ್ ಅಂತ ಮೂರು ಪ್ಯಾರಾಮೀಟರ್ (ಬೇಕಾದಂತೆ ಬದಲಿಸಬಹುದಾದ ಮೌಲ್ಯ) ಮೊದಲೇ ಇರುತ್ತವೆ: ಅಗಲ, ಆಳ, ಎತ್ತರ. ಕೊನೆಯ ಹೆಸರು ವಿಚಿತ್ರ, ಅಲ್ವಾ? ಇರಲಿ, ಅದನ್ನು ಹಾಗೇ ಬಳಸಿ. ಹಲಗೆಗಳ ಸಂಖ್ಯೆಗೆ ಒಂದು, ದಪ್ಪಕ್ಕೆ ಒಂದು ಪ್ಯಾರಾಮೀಟರ್ ನೀವೇ ಸೇರಿಸಿ. ಸ್ಕ್ರಿಪ್ಟ್‌ನಲ್ಲಿ ಅಳತೆ ಮೀಟರ್‌ನಲ್ಲಿ, ಅಂದರೆ 20 ಮಿಮೀ ದಪ್ಪಕ್ಕೆ 0.02 ಅಂತ ಬರೆಯಬೇಕು.

ಈಗ ಹಲಗೆಗಳ ನಡುವಿನ ಅಂತರದ ಲೆಕ್ಕ. ಎತ್ತರದಿಂದ ಒಂದು ಹಲಗೆಯ ದಪ್ಪ ಕಳೆದು, ಹಲಗೆಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿ. ಎತ್ತರ 2 ಮೀಟರ್, ಹಲಗೆ 5 ಆದರೆ ಒಂದು ಹಲಗೆಯ ತಳದಿಂದ ಮುಂದಿನದರ ತಳಕ್ಕೆ 0.495. ಎತ್ತರವನ್ನು 1.5 ಮಾಡಿದರೆ ಅದೇ 0.37 ಆಗುತ್ತದೆ, ನೀವು ಕೈ ಹಾಕಬೇಕಿಲ್ಲ. ಪ್ಯಾರಾಮೆಟ್ರಿಕ್ ಅನ್ನೋದರ ಜೀವ ಇಲ್ಲೇ ಇದೆ. ಈ ಸಾಲನ್ನು ಮಾಸ್ಟರ್ ಸ್ಕ್ರಿಪ್ಟ್‌ನಲ್ಲಿ ಇಡಿ, ಉಳಿದ ಸ್ಕ್ರಿಪ್ಟ್‌ಗಳಿಗಿಂತ ಮೊದಲು ಓಡೋದು ಅದೇ.

ಮುಂದಿನದು 3ಡಿ ಸ್ಕ್ರಿಪ್ಟ್. ಹಲಗೆಗಳ ಸಂಖ್ಯೆಯಷ್ಟು ಸಲ ಮರುಕಳಿಸುವ ಫಾರ್ ಲೂಪ್ ಒಳಗೆ ಎರಡೇ ಸಾಲು: ಬ್ಲಾಕ್ ಆಜ್ಞೆಯಿಂದ ಒಂದು ಹಲಗೆ, ಆಮೇಲೆ ಆಡ್‌ಝಡ್‌ನಿಂದ ಮೇಲಕ್ಕೆ ಒಂದು ಹೆಜ್ಜೆ. ಇಲ್ಲಿ ಒಂದು ವಿಷಯ ಚೆನ್ನಾಗಿ ಮನಸ್ಸಿಗೆ ಹಾಕಿಕೊಳ್ಳಿ. ಆಡ್‌ಝಡ್ ಹಲಗೆಯನ್ನು ಎತ್ತುವುದಿಲ್ಲ, ಅಳೆಯೋಕೆ ಶುರು ಮಾಡುವ ಮೂಲಬಿಂದುವನ್ನೇ ಎತ್ತುತ್ತದೆ, ಮತ್ತು ನೀವು ಡೆಲ್ ಅಂತ ಹೇಳೋವರೆಗೂ ಅದು ಕೆಳಗೆ ಬರುವುದಿಲ್ಲ. ಐದು ಸಲ ಹತ್ತಿದರೆ ಡೆಲ್ 5 ಹೇಳಿ ಇಳಿಯಬೇಕು. ಮರೆತರೆ ಮುಂದೆ ಬರೆಯುವ ಪಕ್ಕದ ಹಲಗೆಗಳು ಕಪಾಟಿನ ಮೇಲೆ ಗಾಳಿಯಲ್ಲಿ ತೇಲುತ್ತವೆ. ಯಾವುದೋ ಭಾಗ ತಪ್ಪು ಜಾಗದಲ್ಲಿ ಕಂಡರೆ ನಾನು ಮೊದಲು ಡೆಲ್‌ಗಳನ್ನೇ ಎಣಿಸುತ್ತೇನೆ.

ಯಾರಾದರೂ ಹಲಗೆ 1 ಅಂತ ಕೊಟ್ಟರೆ? ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಪ್ಯಾರಾಮೀಟರ್ ಸ್ಕ್ರಿಪ್ಟ್‌ನಲ್ಲಿ ವ್ಯಾಲ್ಯೂಸ್ ಆಜ್ಞೆ ಬಳಸಿ ಕನಿಷ್ಠ 2 ಇರಲಿ ಅಂತ ಮಿತಿ ಹಾಕಿ.

2ಡಿ ಸ್ಕ್ರಿಪ್ಟ್‌ನಲ್ಲಿ ಪ್ರಾಜೆಕ್ಟ್2 ಆಜ್ಞೆ 3ಡಿ ಆಕಾರದಿಂದಲೇ ಒಂದೇ ಸಾಲಿನಲ್ಲಿ ಪ್ಲಾನ್ ತೋರಿಸುತ್ತದೆ, ಆದರೆ ಅಂಥ ಆಬ್ಜೆಕ್ಟ್‌ಗಳು ಜಾಸ್ತಿಯಾದರೆ ಡ್ರಾಯಿಂಗ್ ನಿಧಾನ. ಕಪಾಟಿಗೆ ಆಯತ ಬರೆಯುವ ರೆಕ್ಟ್2 ಸಾಕು. ಮೂಲೆಗಳಲ್ಲಿ ಹಾಟ್‌ಸ್ಪಾಟ್2 ಇಡಿ, ಹಿಡಿದು ಎಳೆಯೋಕೆ ಬೇಕು.

ಇಷ್ಟಾದ ಮೇಲೆ ಬೇರೆಯವರ ಆಬ್ಜೆಕ್ಟ್ ತೆರೆಯಿರಿ. ತೆರೆದ ತಕ್ಷಣ ಬೇರೆ ಹೆಸರಲ್ಲಿ ಸೇವ್ ಮಾಡಿ, ಇಲ್ಲದಿದ್ದರೆ ಪ್ರಾಜೆಕ್ಟ್‌ನಲ್ಲಿ ಈಗಾಗಲೇ ಇಟ್ಟಿರುವ ಅದೇ ಆಬ್ಜೆಕ್ಟ್‌ಗಳೆಲ್ಲ ಬದಲಾಗುತ್ತವೆ. ಆಮೇಲೆ ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ, 3ಡಿ ನೋಟ ನೋಡಿ, ಆಮೇಲೆ ಮುಂದಿನ ಸಾಲು.